ತಾರೀಖಿಲ್ಲದ ರಜಾ ಅರ್ಜಿ

೧೦ ಜನವರಿ ೧೯೯೬, ಬುಧವಾರ

ಜಿಲ್ಲಾ ಗ್ರಂಥಾಲಯದಿಂದ ತಂದ ರಷ್ಯನ್ ಕಾದಂಬರಿಯ ನೂರ ಹನ್ನೆರಡನೆಯ ಪುಟದಲ್ಲಿ ಒಂದು ವಾಕ್ಯ ಸಿಕ್ಕಿತು: "ಊಟ ಮುಗಿದ ಮೇಲೆ ಅವನು ಮನೆಯೊಡತಿಯಿಂದ ರಜೆ ತೆಗೆದುಕೊಂಡು ಹಿಮದಲ್ಲಿ ಹೊರಟನು." ಊಟಕ್ಕೆ ಬಂದವನು ರಜೆ ಏಕೆ ತೆಗೆದುಕೊಳ್ಳಬೇಕು? ರಷ್ಯನ್ನಿನಿಂದ ಇಂಗ್ಲಿಷಿಗೆ ಬಂದಾಗ ಅದು 'ಟುಕ್ ಹಿಸ್ ಲೀವ್' ಆಗಿರಬೇಕು. ಕನ್ನಡದ ಅನುವಾದಕರು ಲೀವ್ ಎಂದರೆ ರಜೆ ಎಂದು ಹಾಕಿ ಮುಂದಕ್ಕೆ ಹೋಗಿದ್ದಾರೆ. 'ಅಪ್ಪಣೆ ಪಡೆದು' ಎಂದಿರಬೇಕಿತ್ತು. ಪೆನ್ಸಿಲಿನಿಂದ ಗೆರೆ ಎಳೆದು ಅಂಚಿನಲ್ಲಿ ತಿದ್ದಿದೆ. ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದು ಎಂಬುದು ಗೊತ್ತಿದೆ.

ಫೆಬ್ರವರಿ ಹತ್ತಕ್ಕೆ ಇಂಗ್ಲಿಷ್ ಶಿಕ್ಷಕರ ಕಾರ್ಯಾಗಾರ. ಒಬ್ಬೊಬ್ಬರೂ ಒಂದು ಸಾಮಾನ್ಯ ಇಂಗ್ಲಿಷ್ ಪದ ಆರಿಸಿಕೊಂಡು, ಅದಕ್ಕಿರುವ ಅರ್ಥಗಳನ್ನೂ ಅದು ಬಂದ ದಾರಿಯನ್ನೂ ಹತ್ತು ನಿಮಿಷ ಹೇಳಬೇಕು. ನನ್ನ ಪದ ಸಿಕ್ಕಿತು.

ಜೂನ್‌ನಲ್ಲಿ ಮುಖ್ಯಗುರುಗಳು ನಿವೃತ್ತರಾದ ಮೇಲೆ ಕಮಲಾಪುರದ ಶಾಲೆಯ ಪ್ರಭಾರ ನನ್ನ ಮೇಲಿದೆ. ಆ ಕುರ್ಚಿಯಲ್ಲಿ ಕುಳಿತು ಅತಿ ಹೆಚ್ಚು ಬರೆಯುವ ಪದವೂ ಇದೇ. ಸಾಂದರ್ಭಿಕ ರಜೆ, ಗಳಿಕೆ ರಜೆ, ಪರಿವರ್ತಿತ ರಜೆ. ಇವಲ್ಲದೆ ಹೆಸರಿಲ್ಲದ ಇನ್ನೊಂದು ರಜೆ ಇದೆ. ಅದು ಮೇಜಿನ ಡ್ರಾದಲ್ಲಿರುವ ಹಳೆಯ ಹಾಜರಿ ಪುಸ್ತಕದೊಳಗೆ ಇದೆ. ನಾವು ಆರು ಜನ ಶಿಕ್ಷಕರು. ಅದರಲ್ಲಿ ಐವರ ಅರ್ಜಿಗಳು ಅಲ್ಲಿವೆ. ಎಲ್ಲಕ್ಕೂ ಸಹಿ ಇದೆ, ತಾರೀಖಿಲ್ಲ. ಯಾರಾದರೂ ಬರದ ದಿನವೇ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರೆ ಅವರ ಅರ್ಜಿಗೆ ಅಂದಿನ ತಾರೀಖು ಬೀಳುತ್ತದೆ. ಸಾಹೇಬರು ಬರದಿದ್ದರೆ ಅರ್ಜಿ ಹಾಗೆಯೇ ಉಳಿಯುತ್ತದೆ, ಶಿಕ್ಷಕರು ಮರುದಿನ ಬಂದು ಎರಡು ದಿನದ ಸಹಿಯನ್ನು ಒಟ್ಟಿಗೆ ಹಾಕುತ್ತಾರೆ. ನಾನು ಬರುವ ಮುಂಚಿನಿಂದ ನಡೆದು ಬಂದದ್ದು.

ಐದರಲ್ಲಿ ಒಂದು ನನ್ನದೇ. ಕೆಲಸಕ್ಕೆ ಸೇರಿದ ವಾರ ಬರೆದುಕೊಟ್ಟದ್ದು. ಒಮ್ಮೆಯೂ ಬಳಸಿಲ್ಲ. ಈ ಪದ್ಧತಿ ಸರಿಯಲ್ಲ. ಆದರೂ ಅವನ್ನು ಎಸೆದಿಲ್ಲ.

೧೭ ಜನವರಿ, ಬುಧವಾರ

ನಿನ್ನೆ ಸಂಜೆ ಬುರ್ಹಾನುದ್ದೀನ್ ಸಾಹೇಬರ ಮನೆಗೆ ಹೋಗಿದ್ದೆ. ಕಲಬುರಗಿಯಲ್ಲಿ ನಮ್ಮ ಶಹಾಬಜಾರದ ಓಣಿಯ ಕೊನೆಯ ಮನೆ ಅವರದು. ನನಗೆ ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ಕಲಿಸಿದವರು. ಅವರ ದೊಡ್ಡ ನಿಘಂಟು ಎರಡು ಸಂಪುಟ. ಎತ್ತಲು ಎರಡು ಕೈ ಬೇಕು. ಒಂದು ಗಂಟೆ ಕುಳಿತು ಚೀಟಿಗಳಲ್ಲಿ ಬರೆದುಕೊಂಡೆ.

ಲೀವ್ ಒಂದು ಪದವಲ್ಲ, ಎರಡು. ಕಾಗುಣಿತ ಒಂದೇ, ಮನೆತನ ಬೇರೆ. ರಜೆ ಎಂಬ ಅರ್ಥದ ಲೀವ್ ಮೂಲದಲ್ಲಿ 'ಅನುಮತಿ'. ಅದರ ಹತ್ತಿರದ ನೆಂಟರು ಲವ್ ಮತ್ತು ಬಿಲೀವ್. ಪ್ರೀತಿ, ನಂಬಿಕೆ, ಅನುಮತಿ ಮೂರೂ ಒಂದೇ ಹಳೆಯ ಬೇರಿನವು. ಇದು ಗೊತ್ತಿಲ್ಲದೆ ಹನ್ನೊಂದು ವರ್ಷ ರಜಾ ಅರ್ಜಿ ಬರೆಯುವುದನ್ನು ಮಕ್ಕಳಿಗೆ ಕಲಿಸಿದ್ದೇನೆ.

ಇಂದು ಬಿಡುವಿನ ಅವಧಿಯಲ್ಲಿಯೂ ಆ ಚೀಟಿಗಳನ್ನೇ ಜೋಡಿಸುತ್ತಿದ್ದೆ. ನಾಲ್ಕು ಗಂಟೆಗೆ ವಿಜ್ಞಾನದ ಕಾಶಿರಾಯ ಬಾಗಿಲಲ್ಲಿ ನಿಂತು ನಾಳೆ, ಗಂಜ್, ತೊಗರಿ ಎಂದೇನೋ ಹೇಳುತ್ತಿದ್ದರು. 'ಬಿಲೀವ್' ಚೀಟಿ ಕಾಣದೆ ಹುಡುಕುತ್ತಿದ್ದೆ. ಹೂಂ ಎಂದೆ. ಅವರು ಹೋದರು. ಚೀಟಿ ಮೇಜಿನ ಕೆಳಗೆ ಸಿಕ್ಕಿತು.

ಬಸ್ಸಿನಲ್ಲಿ ಮಹಾಗಾಂವ ಕ್ರಾಸಿನವರೆಗೆ ನಿಂತೇ ಬಂದೆ.

೧೮ ಜನವರಿ, ಗುರುವಾರ

ಒಂಬತ್ತನೆಯ ತರಗತಿಯ ಮಲ್ಕಮ್ಮನ ಎಡಗಣ್ಣಿಗೆ ಆಸಿಡ್ ಸಿಡಿದಿದೆ.

ನಾಲ್ಕನೆಯ ಅವಧಿ ವಿಜ್ಞಾನ. ಕಾಶಿರಾಯ ಬಂದಿರಲಿಲ್ಲ. ಮಕ್ಕಳು ತಾವೇ ಕಪಾಟು ತೆಗೆದು ಪ್ರಯೋಗಕ್ಕೆ ಸಾಮಾನು ಹೊಂದಿಸಿದ್ದರು. ಗದ್ದಲ ಕೇಳಿಸಿತು. ಸುಮ್ಮನಿರಿಸಲು ಜವಾನ ಶಬ್ಬೀರ್‌ನನ್ನು ಕಳಿಸಿದೆ. ಅವನು ಹೋಗುವಷ್ಟರಲ್ಲಿ ಚೀರಿದಳು. ಅವನೇ ಕೊಡದಲ್ಲಿದ್ದ ನೀರನ್ನೆಲ್ಲ ಅವಳ ಕಣ್ಣಿಗೆ ಸುರಿದ. ಬಾಡಿಗೆಯ ಟ್ರ್ಯಾಕ್ಸ್ ಗಾಡಿ ಹಿಡಿದು ಅವಳನ್ನೂ ಅವಳ ತಾಯಿಯನ್ನೂ ಕಲಬುರಗಿಗೆ ಕರೆದುಕೊಂಡು ಹೋದ. ನಾನು ಹೋಗಲಿಲ್ಲ. ಶಾಲೆಯನ್ನು ಬಿಡುವಂತಿರಲಿಲ್ಲ.

ಕಪಾಟಿನ ಕೀಲಿ ನನ್ನ ಕುರ್ಚಿಯ ಹಿಂದಿನ ಮೊಳೆಗೆ ಇರುತ್ತದೆ. ಅದು ಮಕ್ಕಳ ಕೈಗೆ ಹೇಗೆ ಹೋಯಿತೋ ತಿಳಿಯದು.

೧೯ ಜನವರಿ, ಶುಕ್ರವಾರ

ಸೇಡಂ ರಸ್ತೆಯ ಕಣ್ಣಿನ ದವಾಖಾನೆಯಲ್ಲಿದ್ದಾಳೆ. ಬಲಗಣ್ಣಿಗೆ ಏನೂ ಆಗಿಲ್ಲ. ಎಡಗಣ್ಣಿನ ವಿಷಯ ಪಟ್ಟಿ ಬಿಚ್ಚಿದ ಮೇಲೆ ಹೇಳುತ್ತಾರಂತೆ.

ಬೆಳಿಗ್ಗೆ ಮೊದಲ ಕೆಲಸವಾಗಿ ಹಾಜರಿ ಪುಸ್ತಕ ತೆಗೆದು ಕಾಶಿರಾಯರ ಹೆಸರಿನ ಮುಂದೆ ನಿನ್ನೆಯ ಅಂಕಣದಲ್ಲಿ ಕೆಂಪು ಶಾಯಿಯಿಂದ 'ಗೈರು' ಎಂದು ಬರೆದೆ. ಉಳಿದ ಶಿಕ್ಷಕರು ನೋಡುತ್ತಿದ್ದರು. ಡ್ರಾದಲ್ಲಿರುವ ಅರ್ಜಿಗೆ ತಾರೀಖು ಹಾಕಿಬಿಡಿ ಎಂದು ಒಬ್ಬರು ಮೆಲ್ಲಗೆ ಹೇಳಿದರು. ಹಾಕಿದರೆ ಅವರು ಮಂಜೂರಾದ ರಜೆಯ ಮೇಲಿದ್ದರು ಎಂದಾಗುತ್ತದೆ. ಮಂಜೂರು ಮಾಡಿದವರು ಯಾರು, ಆ ಅವಧಿಗೆ ಯಾರನ್ನು ಕಳಿಸಿದಿರಿ ಎಂಬ ಪ್ರಶ್ನೆ ಅದರ ಹಿಂದೆ ಬರುತ್ತದೆ. ನಾನು ಮಂಜೂರು ಮಾಡಿಲ್ಲ. ಮಾಡದ್ದನ್ನು ಮಾಡಿದೆ ಎಂದು ಬರೆಯುವುದು ಸುಳ್ಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಪುಸ್ತಕ ನಿಜ ಹೇಳುತ್ತಿದೆ.

೨೧ ಜನವರಿ, ಭಾನುವಾರ

ಅವ್ವ ದವಾಖಾನೆಗೆ ಹೋಗಿ ಬಂದಳು. ರೊಟ್ಟಿ, ಪುಂಡಿಪಲ್ಯ ಒಯ್ದಿದ್ದಳು. ಆ ಹುಡುಗಿಯ ತಾಯಿಯ ಪರಿಚಯ ಅವಳಿಗೆ ಇರಲಿಲ್ಲ. ಬರುವಾಗ ಅವಳ ಮೂರು ತಲೆಮಾರಿನ ಸುದ್ದಿ ತಂದಿದ್ದಳು.

"ಹುಡುಗಿ ಕೇಳ್ತು, ಟೀಚರ್ ಬಂದಾರೇನು ಅಂತ. ನೀ ಯಾವಾಗ ಹೋಗ್ತಿ?"

"ಕೆಲಸ ಅದ ಅವ್ವಾ."

"ಏನ್ ಕೆಲಸ? ಇಂಗ್ಲೀಷಿನ ಒಂದೇ ಒಂದು ಮಾತು ಹತ್ತು ದಿನದಿಂದ ಜಗೀತಿ. ಇನ್ನಾ ನುಂಗಿಲ್ಲ."

ಅವ್ವ ಇಪ್ಪತ್ತೆರಡು ವರ್ಷ ಧಾನ್ಯದ ಪೇಟೆಯಾದ ನೆಹರು ಗಂಜ್‌ನ ಬೇಳೆ ಮಿಲ್ಲಿನಲ್ಲಿ ತೊಗರಿ ಕೇರಿದವಳು. ಈಗಲೂ ಅಲ್ಲಿನ ಸುದ್ದಿಯೆಲ್ಲ ಅವಳಿಗೆ ಬರುತ್ತದೆ. ಗುರುವಾರ ನಿಮ್ಮ ಮಾಸ್ತರ ಗಂಜ್‌ನಾಗ ಚೀಲದ ಮ್ಯಾಲ ಕುಂತು ಚಾ ಕುಡೀತಿದ್ದನಂತ, ಎಂದಳು. ಅಂದರೆ ಸ್ವಂತ ವ್ಯವಹಾರ. ಕಾಯಿಲೆಯಲ್ಲ, ಸಾವಲ್ಲ. ಇದನ್ನು ಗುರುತು ಮಾಡಿಕೊಂಡಿದ್ದೇನೆ.

ಎರಡನೆಯ ಲೀವ್, ಅಂದರೆ 'ಬಿಟ್ಟು ಹೋಗು' ಎಂಬ ಕ್ರಿಯಾಪದದ ಟಿಪ್ಪಣಿ ಮುಗಿಯಿತು. ಇದು ವಿಚಿತ್ರವಾಗಿದೆ. ಮೂಲದಲ್ಲಿ ಅದಕ್ಕೆ ಹೋಗುವ ಅರ್ಥವೇ ಇರಲಿಲ್ಲ. 'ಉಳಿಯುವಂತೆ ಮಾಡು' ಎಂದಿತ್ತು. ಸತ್ತವನು ಹೆಂಡತಿಯನ್ನೂ ಎರಡು ಎತ್ತನ್ನೂ ಬಿಟ್ಟುಹೋದ ಎನ್ನುವಾಗ ಇರುವ ಅರ್ಥ ಅದು. ಏಳರಲ್ಲಿ ಮೂರು ಕಳೆದರೆ ನಾಲ್ಕು ಉಳಿಯಿತು ಎನ್ನುವಲ್ಲಿಯೂ ಇಂಗ್ಲಿಷಿನವರು ಲೀವ್ ಎನ್ನುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಬೇರು 'ಅಂಟಿಕೊಳ್ಳು'. ಅದರಿಂದಲೇ ಲೈಫ್ ಕೂಡ ಬಂದಿದೆ. ಹೊರಟವನ ಕಡೆಯಿಂದ ಹುಟ್ಟಿದ ಪದವಲ್ಲ, ಹಿಂದೆ ಉಳಿದದ್ದರ ಕಡೆಯಿಂದ ಹುಟ್ಟಿದ್ದು. ಕನ್ನಡದ 'ಬಿಡು' ಎರಡು ಲೀವ್‌ಗಳ ಕೆಲಸವನ್ನೂ ಒಂದೇ ಮಾಡುತ್ತದೆ: ಬಿಟ್ಟು ಹೋಗುವುದು, ಹೋಗಲು ಬಿಡುವುದು.

೨೩ ಜನವರಿ, ಮಂಗಳವಾರ

ಕಾಶಿರಾಯ ನಾಲ್ಕು ದಿನದ ಮೇಲೆ ಶಾಲೆಗೆ ಬಂದರು. ಈ ನಾಲ್ಕು ದಿನವೂ ಮಲ್ಕಮ್ಮನ ಜೊತೆ ದವಾಖಾನೆಯಲ್ಲಿದ್ದರಂತೆ. ಹಾಜರಿ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಮಾತನ್ನು ಆಡಿದಂತೆಯೇ ಬರೆದಿಡುತ್ತೇನೆ.

"ಟೀಚರ್, ಕೆಂಪು ಶಾಯಿಲೆ ಗೈರು ಅಂತ ಬರದೀರಿ."

"ನೀವು ಬಂದಿರಲಿಲ್ಲ."

"ಹೇಳಿ ಹೋಗೀನಲ್ರೀ! ಬುಧವಾರ ನಾಕಕ್ಕ ಇದೇ ಬಾಗಲದಾಗ ನಿಂತು ಹೇಳೀನಿ. ಗಂಜ್‌ನಾಗ ತೊಗರಿ ಸೌದಾ ಅದ, ಅಪ್ಪ ಒಬ್ಬನ ಕೈಲೆ ಆಗಂಗಿಲ್ಲ, ನಾಳಿಗಿ ಬರಂಗಿಲ್ಲ ಅಂದೆ. ನೀವು ಹೂಂ ಅಂದ್ರಿ."

"ಅರ್ಜಿ ಕೊಟ್ಟೀರೇನು?"

ಅವರು ನಕ್ಕರು. "ಅರ್ಜಿ ನಿಮ್ಮ ಡ್ರಾದಾಗೇ ಅದಲ್ರೀ, ಒಂಬತ್ತು ವರ್ಷದಿಂದ!"

ನಾನು ನಗಲಿಲ್ಲ. ಅವರ ನಗುವೂ ಅಲ್ಲಿಗೇ ನಿಂತಿತು.

"ಹೋದ ವರ್ಷ ನನಗ ಒಂದು ಮೆಮೋ ಆಗ್ಯದ್ರಿ. ಇದು ಎರಡನೇದು. ನೌಕರಿ ಹೋಗ್ತದ. ಮನಿಯಾಗ ಐದು ಮಂದಿ ಇದ್ದೀವಿ. ತಪ್ಪಿಲ್ಲ ಅನ್ನಂಗಿಲ್ಲ ನಾ, ಆಸಿಡ್ ಬಾಟ್ಲಿ ಮ್ಯಾಲಿನ ಖಾನ್ಯಾಗ ಇಡಬೇಕಿತ್ತು. ಖರೆ, ಹೇಳದೆ ಹೋಗಿಲ್ರಿ."

ನನಗೆ ನೆನಪಿಲ್ಲ ಎಂದೆ. ಮಧ್ಯಾಹ್ನ ಶಾಂತವಾಗಿ ಯೋಚಿಸಿದೆ. ಅವರು ಕೇಳಿದ್ದರೆ ನಾನು ಹೊಸ ಅರ್ಜಿ ಬರೆಸಿಕೊಳ್ಳುತ್ತಿದ್ದೆ. ನಾಲ್ಕನೆಯ ಅವಧಿಗೆ ಬೇರೆಯವರನ್ನು ಗೊತ್ತು ಮಾಡುತ್ತಿದ್ದೆ. ಎರಡನ್ನೂ ಮಾಡಿಲ್ಲ. ಆದ್ದರಿಂದ ಅವರು ಕೇಳಿಲ್ಲ.

೨೭ ಜನವರಿ, ಶನಿವಾರ

ಇಲಾಖೆಯಿಂದ ಪತ್ರ ಬಂತು. ಪರಿವೀಕ್ಷಕರಾದ ಮಹಾದೇವಪ್ಪನವರು ಫೆಬ್ರವರಿ ಐದಕ್ಕೆ ವಿಚಾರಣೆಗೆ ಬರುತ್ತಾರೆ. ಅದಕ್ಕೂ ಮೊದಲು ನನ್ನ ಹೇಳಿಕೆಯ ಕರಡು ಕಳಿಸಬೇಕು. ಬರೆದೆ:

"ಸದರಿ ಸಹಶಿಕ್ಷಕರು ದಿನಾಂಕ ೧೮ರಂದು ಗೈರುಹಾಜರಾಗುವ ಬಗ್ಗೆ ನನ್ನಿಂದ ಯಾವುದೇ ಪೂರ್ವಾನುಮತಿ ಪಡೆದಿರುವುದಿಲ್ಲ. ಕಪಾಟಿನ ಕೀಲಿಯನ್ನು ವಿದ್ಯಾರ್ಥಿಗಳು ನನ್ನ ಗಮನಕ್ಕೆ ತಾರದೆ ತೆಗೆದುಕೊಂಡಿರುತ್ತಾರೆ."

ನಾಲ್ಕು ಸಲ ಓದಿದೆ. ಎಲ್ಲಿಯೂ ಹೆಚ್ಚಿನ ಪದವಿಲ್ಲ.

ಮಹಾದೇವಪ್ಪನವರು ಫೋನಿನಲ್ಲಿ, ಹೇಳಿಕೆ ಹೀಗಿದ್ದರೆ ಕಾಶಿರಾಯರನ್ನು ಮೊದಲು ಸಸ್ಪೆಂಡ್ ಮಾಡಿ, ಆಮೇಲೆ ಕೆಲಸದಿಂದಲೇ ತೆಗೆಯುತ್ತಾರೆ ಎಂದರು. ಹವಾಮಾನ ಹೇಳುವ ಧ್ವನಿಯಲ್ಲಿ ಹೇಳಿದರು.

೩೧ ಜನವರಿ, ಬುಧವಾರ

ನಿಘಂಟನ್ನು ಇನ್ನೊಮ್ಮೆ ನೋಡಬೇಕಿತ್ತು. ಬುರ್ಹಾನುದ್ದೀನ್ ಸಾಹೇಬರಿಗೆ ರೋಜಾ. ಬಾಯಿ ಒಣಗಿತ್ತು, ಆದರೂ ಸೊಸೆಗೆ ಕೂಗಿ ನನಗೊಬ್ಬಳಿಗೇ ಚಹಾ ತರಿಸಿದರು. ಬೇಡ ಎಂದೆ.

"ಕುಡಿ ಬೇಟಿ, ನನ್ನ ರೋಜಾ ನಿನ್ನ ಕಪ್ಪಿನಾಗ ಬಿದ್ದು ಸಾಯಂಗಿಲ್ಲ. ಅಚ್ಛಾ, ನಿನ್ನ ಲೀವ್ ಎಲ್ಲಿಗಿ ಬಂತು?"

ಅನುವಾದದ ಆ ವಾಕ್ಯವನ್ನು ಹೇಳಿದೆ. ಅತಿಥಿ ಮನೆಯೊಡತಿಯಿಂದ ರಜೆ ತೆಗೆದುಕೊಂಡ ಕಥೆ. ಅವರು ನಗುತ್ತಾರೆಂದುಕೊಂಡಿದ್ದೆ.

"ಇದರಾಗ ತಪ್ಪೇನದ?" ಎಂದರು. "ರಜಾ ಅಂದ್ರ ಛುಟ್ಟಿ ಅಂತ ನಿಮ್ಮ ಆಫೀಸಿನವರು ಮಾಡ್ಯಾರ. ಅಸಲ್ ಅದು ನಮ್ಮ ಮಾತು, ಅರಬ್ಬಿಯಿಂದ ಬಂದದ್ದು. ರಜಾ ಅಂದ್ರ ಒಪ್ಪಿಗಿ. ರಾಜೀ ಆಗೋದು ಅಂತೀವಲ್ಲ, ಅದರ ಅಣ್ಣ. ಆ ಮನಿಷಾ ಮನಿಯಾಕಿ ರಜಾ ತಗೊಂಡು ಹೋದ. ಬರೋಬ್ಬರಿ ಅದ."

ಇಂಗ್ಲಿಷಿನ ಲೀವ್ ಅನುಮತಿಯಿಂದ ಸವೆದು ರಜೆಯಾಯಿತು. ನಮ್ಮ ರಜೆಯೂ ಅನುಮತಿಯಿಂದ ಸವೆದೇ ರಜೆಯಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆ, ಒಂದೇ ತರಹದ ಸವೆತ. ಅನುವಾದಕರಿಗೆ ಇದು ಗೊತ್ತಿತ್ತೋ, ಕೈತಪ್ಪಿ ಸರಿಯಾಯಿತೋ?

"ಆ ಸೈನ್ಸ್ ಮಾಸ್ತರ ಕೇಳಿದ್ದನೇನು ನಿನ್ನ?" ಎಂದು ಥಟ್ಟನೆ ಕೇಳಿದರು. ಅವ್ವ ಎಲ್ಲ ಹೇಳಿರಬೇಕು.

"ಇಲ್ರಿ."

"ಕೇಳಿದ್ರ ಕೊಡ್ತಿದ್ದಿಯೇನು?"

"ಕೊಡ್ತಿದ್ದೆ."

"ಹಂಗಾರ ಅಂವ ಯಾಕ ಕೇಳದೇ ಹೋಗ್ಯಾನ? ಕೊಡೋರ ಮುಂದ ಕೇಳಾಕ ಯಾರಿಗಿ ಏನು ಹೆದರಿಕಿ?"

ಚಹಾ ಆರಿತ್ತು. ಅಜಾನ್ ಆಗುವ ಹೊತ್ತಾಯಿತೆಂದು ಎದ್ದು ಬಂದೆ.

೨ ಫೆಬ್ರವರಿ, ಶುಕ್ರವಾರ

ಶಬ್ಬೀರ್ ಗಂಟೆ ಬಾರಿಸಿ ಒಳಗೆ ಬಂದ. "ಮೇಡಂ, ಒಂದು ಮಾತು. ಆ ಬುಧವಾರ ನಾ ಇಲ್ಲೇ ಬಾಗಲ ಬಾಜೂಕ ಕಸಬರಗಿ ಹಿಡಕೊಂಡು ನಿಂತಿದ್ದೆ. ಕಾ‌ಶಿರಾಯ ಸರ್ ಅಂದಿದ್ದೂ ಕೇಳೀನಿ, ನೀವು ಹೂಂ ಅಂದಿದ್ದೂ ಕೇಳೀನಿ. ನೀವು ಕಾಳಜಿ ಮಾಡಬ್ಯಾಡ್ರಿ, ಸಾಹೇಬರ ಮುಂದ ನಾ ಬಾಯಿ ತೆರೆಯಂಗಿಲ್ಲ."

ನಾನು ಏನನ್ನೂ ಮುಚ್ಚಿಡಲು ಹೇಳಿಲ್ಲ ಎಂದೆ.

"ಅದೇ ಅಂದೇನ್ರಿ, ನೀವು ಹೇಳದಿದ್ರೂ ನಾ ಹೇಳಂಗಿಲ್ಲ" ಎಂದ.

ಇವನು ತಪ್ಪು ತಿಳಿದಿದ್ದಾನೆ. ಬಹಳ ಸಲ ಸುಮ್ಮನೆ ಹೂಂ ಎನ್ನುತ್ತೇವೆ.

ತಲೆ ನೋವು.

೪ ಫೆಬ್ರವರಿ, ಭಾನುವಾರ

ಕಾರ್ಯಾಗಾರದ ಟಿಪ್ಪಣಿಯನ್ನು ಶುದ್ಧ ಪ್ರತಿ ಮಾಡಲು ಕುಳಿತೆ. ಬಿಲೀವ್ ಬಗ್ಗೆ ಬರೆದದ್ದು ದಿನಚರಿಯಲ್ಲಿದೆ ಎಂದು ನೆನಪಾಗಿ ಹಿಂದಿನ ಹಾಳೆ ತಿರುವಿದೆ. ೧೭ ಜನವರಿ.

"ಹೂಂ ಎಂದೆ. ಅವರು ಹೋದರು. ಚೀಟಿ ಮೇಜಿನ ಕೆಳಗೆ ಸಿಕ್ಕಿತು."

ನನ್ನದೇ ಅಕ್ಷರ. ಪರರ ಪುಸ್ತಕದಲ್ಲಿ ನೂರ ಹನ್ನೆರಡನೆಯ ಪುಟದ ತಪ್ಪು ಕಂಡಿತ್ತು.

ಅವ್ವನಿಗೆ ದವಾಖಾನೆಗೆ ಹೋಗುತ್ತೇನೆ ಎಂದೆ. ಅವಳು ಏನೂ ಕೇಳದೆ ಬುಟ್ಟಿಯಲ್ಲಿ ರೊಟ್ಟಿ ಕಟ್ಟಿಕೊಟ್ಟಳು.

ಮಲ್ಕಮ್ಮ ಮಂಚದ ಮೇಲೆ ಕುಳಿತು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದಳು. ಎಡಗಣ್ಣಿಗೆ ಅಂಗೈಯಗಲದ ಪಟ್ಟಿ. ಪಟ್ಟಿ ಇದ್ದ ಕಡೆಯಿಂದ ನಾನು ಬಂದದ್ದು ಅವಳಿಗೆ ಕಾಣಲಿಲ್ಲ. ಸುತ್ತಿ ಬಲಕ್ಕೆ ಹೋಗಿ ನಿಂತೆ. ಎದ್ದು ನಿಲ್ಲಲು ಹೋದಳು, ಬೇಡವೆಂದೆ. ಅವಳ ತಾಯಿ ಸ್ಟೂಲನ್ನು ಸೆರಗಿನಿಂದ ಒರೆಸಿ ಕೊಟ್ಟು ಔಷಧ ತರಲು ಹೊರಗೆ ಹೋದಳು.

"ಟೀಚರ್, ಕೀಲಿ ಸುದ್ದಿ ನಾ ಯಾರ ಮುಂದೂ ಹೇಳಿಲ್ರಿ" ಎಂದಳು ಮೆಲ್ಲಗೆ.

"ಯಾವ ಸುದ್ದಿ?"

"ಅದೇ ರೀ. ಆ ದಿನ ನಾ ಬಂದು, ಸೈನ್ಸ್ ಕಪಾಟಿನ ಕೀಲಿ ಒಯ್ಲೇನ್ರಿ ಟೀಚರ್, ಎಲ್ಲಾ ಹೊಂದಿಸಿ ಇಡತೀವಿ ಅಂತ ಕೇಳಿದ್ನೆಲ್ರಿ. ನೀವು ಬರೀತಿದ್ರಿ. ಹೂಂ ಅಂದ್ರಿ."

ಬುಟ್ಟಿಯಿಂದ ರೊಟ್ಟಿಯ ಗಂಟು ತೆಗೆದು ಮಂಚದ ಮೇಲಿಟ್ಟೆ.

"ಸಾಹೇಬರು ಇಲ್ಲಿಗಿ ಬಂದು ಕೇಳಿದ್ರು, ಕೀಲಿ ಯಾರು ಕೊಟ್ರು ಅಂತ. ನಾನೇ ಕದ್ದೆ ಅಂದೀನ್ರಿ."

"ಹಂಗ್ಯಾಕ ಅಂದಿ?"

"ನಿಮಗ ಬೈತಾರಂತ." ಅರ್ಧ ಹಣ್ಣು ನನ್ನ ಕಡೆ ಚಾಚಿದಳು. "ತಿನ್ರಿ. ಭಾಳ ಸಿಹಿ ಅದ."

ತಿಂದೆ. ಸಿಹಿಯಾಗಿತ್ತೋ ಇಲ್ಲವೋ ಹೇಳಲಾರೆ.

ತಾಯಿ ಬಂದ ಮೇಲೆ ಎದ್ದು "ಹೋಗ್ತೀನಿ" ಎಂದೆ.

"ದವಾಖಾನ್ಯಾಗ ಹೋಗ್ತೀನಿ ಅನಬ್ಯಾಡ್ರಿ ಟೀಚರ್, ಬರ್ತೀನಿ ಅನ್ರಿ" ಎಂದಳು ಆಕೆ. ಬರ್ತೀನಿ ಎಂದೆ.

೧೮ರ ಪುಟವನ್ನು ಈಗ ಮತ್ತೆ ಓದಿದೆ. ಕೀಲಿ ಹೇಗೆ ಹೋಯಿತೋ ತಿಳಿಯದು ಎಂದು ಬರೆದಿದ್ದೇನೆ. ಬರೆಯುವಾಗ ಅದು ಸುಳ್ಳಾಗಿರಲಿಲ್ಲ. ಅವಳು ಬಂದು ನಿಂತದ್ದು ಈಗಲೂ ನೆನಪಿಗೆ ಬರುತ್ತಿಲ್ಲ. ಎಷ್ಟು ಹೊತ್ತು ನಿಂತಿದ್ದಳೋ.

೫ ಫೆಬ್ರವರಿ, ಸೋಮವಾರ

ಮಹಾದೇವಪ್ಪನವರು ಹತ್ತೂವರೆಗೆ ಬಂದರು. ಕಾಶಿರಾಯರನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿದ್ದರು. ನನ್ನ ಕರಡು ಟೈಪ್ ಆಗಿ ಮೂರು ಪ್ರತಿಯಲ್ಲಿ ಮೇಜಿನ ಮೇಲಿತ್ತು.

"ಸಹಿ ಮಾಡ್ರಿ ಟೀಚರ್. ಹನ್ನೆರಡರ ಬಸ್ಸು ಹಿಡಿಯೋಣ."

"ಇದು ಸರಿ ಇಲ್ರಿ. ಬದಲಿ ಮಾಡಬೇಕು."

"ಎಲ್ಲಿ? ಸ್ಪೆಲ್ಲಿಂಗೇನು?"

"ಅವರು ನನ್ನ ಕೇಳಿದ್ರು. ನಾ ಹೂಂ ಅಂದೀನಿ. ಕೀಲಿನೂ ಆ ಹುಡುಗಿ ಕೇಳೇ ಒಯ್ದಾಳ. ಅದಕ್ಕೂ ಹೂಂ ಅಂದೀನಿ."

ಅವರು ಕನ್ನಡಕ ತೆಗೆದು ಒರೆಸಿದರು. "ಹುಡುಗಿ ಕದ್ದೆ ಅಂತ ಹೇಳ್ಯಾಳಲ್ರಿ."

"ಸುಳ್ಳು ಹೇಳ್ಯಾಳ. ನನ್ನ ಸಲುವಾಗಿ."

"ಹದಿನೆಂಟು ದಿನದ ಮ್ಯಾಲ ನಿಮಗ ನೆನಪಾಯ್ತೇನು?"

"ಬರೆದಿಟ್ಟಿದ್ದೆ. ಓದಿರಲಿಲ್ಲ."

ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೋಡ್ರಿ ಟೀಚರ್, ನೀವು ಓದಿಕೊಂಡ ಮಂದಿ, ನಿಮ್ಮ ಮ್ಯಾಲ ಒಂದು ಕಪ್ಪು ಚುಕ್ಕಿ ಇಲ್ಲ. ಹೂಂ ಅನ್ನೋದಕ್ಕ ಸಾಕ್ಷಿ ಇಲ್ಲ, ಕಾಗದ ಇಲ್ಲ. ನೀವು ಬಾಯಿ ಬಿಡದಿದ್ರ ಇದು ಯಾರಿಗೂ ಗೊತ್ತಾಗಂಗಿಲ್ಲ. ಬಿಟ್ರ ಎಲ್ಲಾ ನಿಮ್ಮ ತಲಿ ಮ್ಯಾಲೇ ಬರ್ತದ. ಹುಡುಗಿ ಕಣ್ಣೂ."

"ಬರ್ಲಿ ರೀ."

ಡ್ರಾದಿಂದ ಐದೂ ಅರ್ಜಿ ತೆಗೆದು ಅವರ ಮುಂದೆ ಇಟ್ಟೆ. ಅವರು ಕುರ್ಚಿ ಹಿಂದಕ್ಕೆ ಸರಿಸಿದರು, ಹಾವು ಕಂಡವರಂತೆ.

"ಇವನ್ಯಾಕ ತೆಗೆದ್ರಿ? ಇವು ಯಾವ ಸಾಲ್ಯಾಗ ಇಲ್ಲ? ನಾ ಮಾಸ್ತರ ಇದ್ದಾಗ ನನ್ನದೂ ಒಂದಿತ್ತು. ನಾ ಇವನ್ನ ನೋಡಿಲ್ಲ, ತೆಗದಿಡ್ರಿ."

ಕಾಶಿರಾಯರ ಅರ್ಜಿಯನ್ನು ಬೇರೆ ಮಾಡಿದೆ. ಮೇಲೆ ೧೮ ಎಂದು ಹಾಕಲಿಲ್ಲ. ಕೆಳಗೆ ಬರೆದೆ: "ದಿನಾಂಕ ೧೭ರಂದು ಮಾತಿನಲ್ಲಿ ಕೇಳಿರುತ್ತಾರೆ. ನಾನು ಒಪ್ಪಿರುತ್ತೇನೆ. ತರಗತಿಗೆ ಬೇರೆ ವ್ಯವಸ್ಥೆ ಮಾಡಿರುವುದಿಲ್ಲ. ಕೀಲಿಯನ್ನು ಕೇಳಿದಾಗ ತಲೆ ಎತ್ತಿ ನೋಡಿರುವುದಿಲ್ಲ." ಇಂದಿನ ತಾರೀಖು ಹಾಕಿ ಸಹಿ ಮಾಡಿದೆ. ಹಾಜರಿ ಪುಸ್ತಕದಲ್ಲಿ ಕೆಂಪು 'ಗೈರು' ಪಕ್ಕದಲ್ಲಿಯೂ ಹಾಗೆಯೇ ಮಾಡಿದೆ. ದಿನಚರಿ ಬ್ಯಾಗಿನಲ್ಲೇ ಇತ್ತು, ತೆಗೆಯಬೇಕಾಗಲಿಲ್ಲ.

ಮಹಾದೇವಪ್ಪನವರು ಅದನ್ನು ಎರಡು ಸಲ ಓದಿದರು. "ತಲೆ ಎತ್ತಿ ನೋಡಿರುವುದಿಲ್ಲ, ಇದೊಂದು ಸಾಲು ತೆಗೀಬಹುದಲ್ರಿ? ಯಾರೂ ಕೇಳಿಲ್ಲ ಇದನ್ನ."

ಬೇಡ ಎಂದೆ.

ಹೊರಗೆ ಬಂದಾಗ ಕಾಶಿರಾಯ ಎದ್ದು ನಿಂತರು. ಗೋಡೆಗೆ ಎಲ್ಲ ಕೇಳಿಸುತ್ತದೆ ಆ ಶಾಲೆಯಲ್ಲಿ. ಏನೋ ಹೇಳಲು ಹೋಗಿ, "ಪೋರಗೋಳು ಕಾಯಾಕತ್ಯಾವ" ಎಂದು ತರಗತಿಗೆ ಹೋದರು.

ಉಳಿದ ಮೂರು ಅರ್ಜಿಗಳನ್ನು ಅವರವರಿಗೆ ಕೊಟ್ಟೆ. ನನ್ನದನ್ನು ಬ್ಯಾಗಿಗೆ ಹಾಕಿಕೊಂಡೆ.

೧೦ ಫೆಬ್ರವರಿ, ಶನಿವಾರ

ಕಾರ್ಯಾಗಾರದಲ್ಲಿ ಹತ್ತು ನಿಮಿಷ ಮಾತಾಡಿದೆ. ಕೊನೆಗೆ ಒಬ್ಬರು ಎದ್ದು, ಪರೀಕ್ಷೆಯಲ್ಲಿ ಬರುವ ರಜಾ ಅರ್ಜಿಯ ಮಾದರಿಯನ್ನು ಬೋರ್ಡಿನ ಮೇಲೆ ಬರೆಯುತ್ತೀರಾ ಎಂದು ಕೇಳಿದರು. ಬರೆದೆ. ಎಲ್ಲರೂ ಇಳಿಸಿಕೊಂಡರು.

ಬರುವಾಗ ಕಾದಂಬರಿ ಹಿಂದಿರುಗಿಸಿದೆ. ಮೊದಲು ನೂರ ಹನ್ನೆರಡನೆಯ ಪುಟದ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದೆ.

ಮಲ್ಕಮ್ಮನ ಪಟ್ಟಿ ಬಿಚ್ಚಿದರು. ಎಡಗಣ್ಣಿಗೆ ಬೆಳಕು ಗೊತ್ತಾಗುತ್ತದೆ. ಮುಂದೆ ಬೆರಳು ಆಡಿಸಿದರೆ ಆಡಿದ್ದು ಗೊತ್ತಾಗುತ್ತದೆ, ಎಷ್ಟು ಬೆರಳು ಎಂದು ಗೊತ್ತಾಗುವುದಿಲ್ಲ. ಆರು ತಿಂಗಳು ನೋಡೋಣ ಎಂದಿದ್ದಾರೆ.

೧೯ ಫೆಬ್ರವರಿ, ಸೋಮವಾರ

ಆದೇಶ ಶನಿವಾರವೇ ಬಂದಿತ್ತು. ಪ್ರಭಾರದಿಂದ ನನ್ನನ್ನು ತೆಗೆದಿದ್ದಾರೆ. ನನ್ನ ಮೇಲಿನ ವಿಚಾರಣೆ ಮುಂದುವರಿಯುತ್ತದೆ. ಕೊನೆ ಏನೋ ಯಾರೂ ಹೇಳುತ್ತಿಲ್ಲ. ಕಾಶಿರಾಯರ ಮೇಲಿನ ಆರೋಪ ಕೈಬಿಟ್ಟಿದ್ದಾರೆ. ನನ್ನ ನಂತರದ ಹಿರಿಯರು ಅವರೇ ಆದ್ದರಿಂದ ಪ್ರಭಾರ ಅವರಿಗೆ ಬಂದಿದೆ. ಇಂದು ಬೆಳಿಗ್ಗೆ ಡ್ರಾ, ಮೊಹರು, ಕೀಲಿಗಳನ್ನು ಒಪ್ಪಿಸಿದೆ. ಕೀಲಿಯ ಮೊಳೆಯನ್ನು ಶಬ್ಬೀರ್ ಕಿತ್ತಿದ್ದ. "ಆ ಮೊಳಿ ಭಾಳ ಕೆಟ್ಟದ್ದಿತ್ರಿ" ಎಂದ.

ಮಧ್ಯಾಹ್ನ ಮಲ್ಕಮ್ಮ ನನ್ನ ಹತ್ತಿರ ಬಂದಳು. ಕಪ್ಪು ಕನ್ನಡಕ. "ಟೀಚರ್, ಮೂರರ ಬಸ್ಸಿಗಿ ಹೋಗಬೇಕ್ರಿ. ಕಣ್ಣು ತೋರಸೋದದ."

"ಯಾರ ಜೊತೆ?"

"ಒಬ್ಬಾಕಿನೇ ರೀ. ಅವ್ವ ತೊಗರಿ ರಾಶಿಗಿ ಹೋಗ್ಯಾಳ."

ಬ್ಯಾಗಿನಿಂದ ನನ್ನ ಹಳೆಯ ಅರ್ಜಿ ತೆಗೆದೆ. ಮಡಿಕೆ ಬಿದ್ದಲ್ಲಿ ಕಾಗದ ಹಳದಿಯಾಗಿತ್ತು. 'ಒಂದು ದಿನ' ಎಂಬುದನ್ನು ಹೊಡೆದು 'ಅರ್ಧ ದಿನ' ಎಂದು ಬರೆದು, ತಿದ್ದಿದಲ್ಲಿ ಚಿಕ್ಕ ಸಹಿ ಹಾಕಿದೆ. ಮೇಲೆ ತಾರೀಖು ಹಾಕಿದೆ.

ಕಾಶಿರಾಯ ನನ್ನ ಹಳೆಯ ಕುರ್ಚಿಯಲ್ಲಿ ತಿಂಗಳ ತಖ್ತೆ ಬರೆಯುತ್ತಿದ್ದರು. ಬಾಗಿಲಲ್ಲಿ ನಿಂತು, ಮಲ್ಕಮ್ಮನ ಜೊತೆ ದವಾಖಾನೆಗೆ ಹೋಗಬೇಕು, ಅರ್ಧ ದಿನ ರಜಾ ಬೇಕು ಎಂದೆ. ಮೊದಲ ಸಲ ಅವರ ಹತ್ತಿರ ಏನನ್ನಾದರೂ ಕೇಳುತ್ತಿದ್ದೆ.

ಅವರು ತಲೆ ಎತ್ತದೆ ಹೂಂ ಎಂದರು.

ನಾನು ಹೋಗಲಿಲ್ಲ. ಮಲ್ಕಮ್ಮ ನನ್ನ ಸೆರಗು ಜಗ್ಗಿದಳು, ಬಸ್ಸಿಗೆ ಹೊತ್ತಾಗಿತ್ತು. ಆದರೂ ನಿಂತೆ. ಅವರ ಪೆನ್ನು ಇನ್ನೂ ಒಂದೂವರೆ ಸಾಲು ಓಡಿ, ನಿಧಾನವಾಗಿ, ನಿಂತಿತು. ತಲೆ ಎತ್ತಿದರು. ನನ್ನನ್ನು ನೋಡಿದರು, ಆಮೇಲೆ ಅವಳ ಕಪ್ಪು ಕನ್ನಡಕವನ್ನು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತರು.

"ಇನ್ನೊಮ್ಮಿ ಹೇಳ್ರಿ ಟೀಚರ್" ಎಂದರು.

ಮೊದಲಿನಿಂದ ಹೇಳಿದೆ. ಎಲ್ಲಿಗೆ, ಯಾರ ಜೊತೆ, ಕೊನೆಯ ಅವಧಿಗೆ ಹತ್ತನೆಯ ತರಗತಿ ಇದೆ ಎಂದು. ಆ ಅವಧಿ ತಾವೇ ತೆಗೆದುಕೊಳ್ಳುತ್ತೇನೆಂದರು.

ಮೂರರ ಬಸ್ಸು ತಪ್ಪಿತು. ಮೂರೂವರೆಯದು ಸಿಕ್ಕಿತು.